ಮೇಲಿರೋ ಟ್ರೇಲರ್‌ಗೊಂದು ಪೂಜೆ

ಸುನಂದ ಏಳು ವರ್ಷ ಬಟ್ಟೆ ಹೊಲಿದು ಒಂದು ಕಾರು ತಂದ್ಲು. ಶೆಡ್ಡಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಆಗ್ಲೇ ಕಾಲು ಚಾಚ್ಕೊಂಡು ಬಿದ್ದಿತ್ತು. ಅವಳ ಗಂಡ ಹೊನ್ನಪ್ಪ ತಲೆ ಓಡಿಸಿ, ಟ್ರೇಲರನ್ನ ಚೈನ್ ಪುಲ್ಲಿಯಲ್ಲಿ ಎತ್ತಿ ಸೂರಿನ ತೊಲೆಗೆ ನೇತುಹಾಕ್ದ. ಕಾರು ಅದರ ಕೆಳಗೆ ಸಲೀಸಾಗಿ ನಿಂತ್ಕೊಳ್ತು.

“ರೀ, ಬಿದ್ರೆ?”

“ಆನೆ ನೇತುಹಾಕಿದ್ರೂ ಬೀಳಲ್ಲ ಕಣೆ. ಎಷ್ಟು ಜಾಗ ಉಳೀತು ನೋಡು!”

ಊರೋರೆಲ್ಲ ಬಂದು ಕತ್ತೆತ್ತಿ ನೋಡ್ಕೊಂಡು ಹೋದ್ರು.

ಆಯುಧಪೂಜೆ ಬಂತು. ಕಾರಿನ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದಾಯ್ತು. ಟ್ರೇಲರಿನ ಚಕ್ರದ ಕೆಳಗಿಡೋಣ ಅಂದ್ರೆ ಅಲ್ಲಿರೋದು ಕಾರಿನ ನೆತ್ತಿ. ಹೊನ್ನಪ್ಪ ಅಲ್ಲೇ ಎರಡು ಹಣ್ಣಿಟ್ಟ.

“ಚಕ್ರ ಹತ್ತದೆ ಪೂಜೆ ಸಲ್ಲಲ್ಲ ಕಣೆ. ಒಂದು ಗೇಣು ಇಳಿಸಿ, ಮುಟ್ಟಿಸಿ ಎತ್ತಿಬಿಡ್ತೀನಿ.”

“ಬೇಡ ರೀ! ಇರಿ, ಕಾರು ಆಚೆ ತೆಗೀತೀನಿ.”

“ಕಾರು ತೆಗೆದ್ರೆ ಹಣ್ಣು ಎಲ್ಲಿಡ್ಲಿ?”

ಹೊನ್ನಪ್ಪ ಚೈನು ಸಡಿಲಿಸ್ದ.

ಧಡಾರ್ ಅಂತು.

ಧೂಳು ಇಳಿದ ಮೇಲೆ ಸುನಂದ ಮಂಡಿಯೂರಿ ಕೂತು ನೋಡಿದ್ಲು.

“ಪೂಜೆ ಚೆನ್ನಾಗೇ ಸಂದಿದೆ ರೀ. ಇನ್ಮೇಲೆ ಕಾರನ್ನ ನಿಮ್ಮ ಮಂಚದ ಕೆಳಗೇ ಇಡ್ಬಹುದು, ಇನ್ನೂ ಜಾಗ ಉಳಿಯುತ್ತೆ.”