ಇನ್ನೂ ಮೂರು ದಿನ

ಗಂಡನನ್ನು ಸಾಕಿ ಬೆಳೆಸಿದ ದೊಡ್ಡಪ್ಪ ತೀರಿಕೊಂಡ ಸುದ್ದಿ ಮೊನ್ನೆಯೇ ಅವಳ ಫೋನಿಗೆ ಬಂದಿತ್ತು. ಫ್ರಾನ್ಸಿನ ಹಳೆಯ ಹಳ್ಳಿಗಳನ್ನು ಸುತ್ತಲು ಇನ್ನೂ ಮೂರು ದಿನ ಉಳಿದಿದ್ದವು. ಊರಿಗೆ ಹೋದ ಮೇಲೆ ಹೇಳಿದರಾಯಿತೆಂದು ಅವಳು ಸುಮ್ಮನಿದ್ದಳು.

ಬೆಳಿಗ್ಗೆ ಸಂತೆಯಲ್ಲಿ, ಅವನಿಗೆ ಅನುಮಾನ ಬರಬಾರದೆಂದು, "ದೊಡ್ಡಪ್ಪನಿಗೊಂದು ಉಣ್ಣೆ ಟೋಪಿ ತಗೊಳ್ಳಿ" ಎಂದಳು. ಅವನು ನಾಲ್ಕು ಟೋಪಿಗಳನ್ನು ತಿರುವಿ ನೋಡಿ ಒಂದನ್ನು ಕೊಂಡ. ಅವನ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ಗುಡ್ಡದ ಮೇಲೆ ಎಂಟುನೂರು ವರ್ಷದ ಚರ್ಚು ಇತ್ತು. ಬಾಗಿಲಲ್ಲಿ ಅವನು ಅವಳ ಕೈ ಹಿಡಿದು ನಿಲ್ಲಿಸಿದ.

"ಒಳಗೆ ಬೇಡ. ಇಲ್ಲೇ ಕೂರೋಣ."

"ಯಾಕ್ರೀ? ಬೇರೆಯವರ ದೇವರು ಅಂತ ಮಡೀನಾ?"

"ಯಾರ ದೇವರಾದ್ರೇನು? ಸೂತಕದಲ್ಲಿ ಒಳಗೆ ಹೋಗಬಾರದು ಕಣೆ."