ಪುರುದಾ ನೂಲು

“ಪುರುದಾ,” ಎಂದ ಜಗಲಿಯ ಮೇಲೆ ಮಲಗಿದ್ದ ಕೊರಿಯಾದವನು. ಮೂರು ದಿನದ ಜ್ವರದಲ್ಲಿ ಅವನ ಬಾಯಿಂದ ಬಂದದ್ದು ಅದೊಂದೇ ಮಾತು.

ಸೇಲಂನ ಗುಗೈ ಬೀದಿಗೆ ಔಷಧಿಯ ಬೇರು ಮಾರಲು ಬಂದವನು, 1934ರ ಆ ಸುಡುಬಿಸಿಲಿನಲ್ಲಿ ನೇಕಾರ ಕುಪ್ಪಸ್ವಾಮಿಯ ಮನೆ ಮುಂದೆ ಕುಸಿದುಬಿದ್ದಿದ್ದ. ಹೊಟ್ಟೆಗೆ ಏನಾದರೂ ಇಳಿದರೆ ಉಳಿಯುತ್ತಾನೆ ಎಂದು ವೈದ್ಯರು ಹೇಳಿ ಹೋಗಿದ್ದರು. ಗಂಜಿ ಕಂಡರೆ ಅವನು ಗೋಡೆಯತ್ತ ತಿರುಗುತ್ತಿದ್ದ.

“ಏನೋ ಕೇಳ್ತಾ ಅವ್ನೆ, ಮಾವ,” ಎಂದಳು ಸೊಸೆ ಈಶ್ವರಿ. ನೀರು ತಂದಳು, ಉಪ್ಪು ತಂದಳು. ಅವನು ಬೇಡವೆಂದು ತಲೆಯಾಡಿಸಿ, ಅಂಗಳದಲ್ಲಿ ಒಣಗುತ್ತಿದ್ದ ನೀಲಿ ನೂಲನ್ನು ತೋರಿಸಿದ. “ಪುರುದಾ.” ಆಮೇಲೆ ನುಗ್ಗೆ ಮರದ ಎಲೆಯನ್ನು ತೋರಿಸಿದ. “ಪುರುದಾ.”

“ನೀಲೀನೂ ಅದೇ, ಅಸ್ರೂ ಅದೇ ಅಂತಾನೆ. ಜ್ವರ ತಲೆಗೇರೈತೆ,” ಎಂದ ಕುಪ್ಪಸ್ವಾಮಿ, ಮಗ್ಗದ ಗುಂಡಿಯಿಂದಲೇ.

“ಎಂಗ ಊರ್ಲ ರೆಂಡುಂ ಒಣ್ಣು.” ಕೊರಿಯಾದವನದು ರಂಗೂನಿನಲ್ಲಿ ಕಲಿತ ಮುರುಕು ತಮಿಳು. ಅವನ ಊರಿನಲ್ಲಿ ಎರಡು ಬಣ್ಣಕ್ಕೂ ಒಂದೇ ಮಾತು. ಆರು ವರ್ಷದಿಂದ ತನ್ನ ಭಾಷೆಯಲ್ಲಿ ಮಾತಾಡಲು ಯಾರೂ ಸಿಕ್ಕಿಲ್ಲ ಎಂದು ಹೇಳಿ ಕಣ್ಣು ಮುಚ್ಚಿದ.

ಈಶ್ವರಿ ನೂಲಿನ ಲಡಿ ತಂದು ಅವನ ಮುಖದ ಮುಂದೆ ಹಿಡಿದಳು. “ಪುರುದಾ ನೂಲು.”

ಅವನ ಕಣ್ಣು ತೆರೆಯಿತು. ಮೊಣಕೈ ಊರಿ ಎದ್ದ. ಹಾಗಲ್ಲ ಎಂದ. ‘ನೂಲು ಪುರುದಾ’ ಎನ್ನಬಹುದು. ಬಣ್ಣ ಮೊದಲು, ನೂಲು ಆಮೇಲೆ ಬಂದರೆ ‘ಪುರುನ್ ನೂಲು’ ಎನ್ನಬೇಕು.

“ಪುರುನ್ ನೂಲು,” ಎಂದು ಒಪ್ಪಿಸಿ, ಅವನು ಎದ್ದು ಕುಳಿತಿದ್ದಾಗಲೇ ಗಂಜಿಯ ಬಟ್ಟಲನ್ನು ಅವನ ಬಾಯಿಗಿಟ್ಟಳು. ಒಂದು ಗುಟುಕು ಇಳಿಯಿತು. ಪಾಠ ಮುಗಿದೊಡನೆ ತಲೆ ಮತ್ತೆ ದಿಂಬಿಗೆ ಜಾರಿತು.

ಈಶ್ವರಿ ಒಂದು ಗಳಿಗೆ ಯೋಚಿಸಿದಳು. ನುಗ್ಗೆಯ ಎಲೆ ಕಿತ್ತು ತಂದಳು. “ಪುರುದಾ ಎಲೆ.”

ಎದ್ದ, ತಿದ್ದಿದ. ಇನ್ನೊಂದು ಗುಟುಕು. ಅವತ್ತೂ ಮರುದಿನವೂ ಅದರ ಮರುದಿನವೂ ಅವಳು ತಪ್ಪೇ ಹೇಳಿದಳು. ಪುರುದಾ ಸೀರೆ. ಪುರುದಾ ಬಳೆ. ಪುರುದಾ ಆಕಾಶ. ಅವನು ಒಂದೊಂದಕ್ಕೂ ಎದ್ದು ಕುಳಿತು ತಾಳ್ಮೆಯಿಂದ ತಿದ್ದಿದ.

ನಾಲ್ಕನೆಯ ದಿನ ಬೆಳಗ್ಗೆ ಅವಳು “ಪುರುದಾ ಗಿಣಿ” ಎಂದಾಗ ಒಳಗೆ ಮಗ್ಗದ ಸದ್ದು ನಿಂತಿತು.

“ಪುರುನ್ ಗಿಣಿ ಕಣಮ್ಮಾ!” ಕುಪ್ಪಸ್ವಾಮಿ ಕೂಗಿದ. “ಆವಾಗಿಂದ ಯೋಳಿಕೊಡ್ತಾ ಅವ್ನೆ. ಇಲ್ಲಿ ಕೂತಿರೋ ನಂಗೇ ಬಂತು, ನಿಂಗಿನ್ನೂ ಬರ್ನಿಲ್ವಾ?”

ಈಶ್ವರಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಕೊರಿಯಾದವನು ಅವಳನ್ನು ನೋಡಿದ, ಅವಳ ಕೈಯಲ್ಲಿದ್ದ ಗಂಜಿಯನ್ನು ನೋಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಬಟ್ಟಲು ಇಸಕೊಂಡು, ಎರಡೂ ಕೈಯಲ್ಲಿ ಎತ್ತಿ ತಾನೇ ಕುಡಿದು, ಬರಿದಾದ ಬಟ್ಟಲನ್ನು ಮತ್ತೆ ಅವಳತ್ತ ಚಾಚಿದ.