ದೈವಕ್ಕೊಂದು ಶಿಫಾರಸು

ಮಕ್ಕಳ ಡಾಕ್ಟರು ರವಿಚಂದ್ರರು ಹೆಲ್ಮೆಟ್ ತೆಗೆಯದೆಯೇ ಹೆಮ್ಮಾಡಿಯ ಪಂಕ್ಚರ್ ಅಂಗಡಿಗೆ ನುಗ್ಗಿದರು. ಅವರ ಸ್ಕೂಟರಿನ ಎರಡೂ ಚಕ್ರಗಳಲ್ಲಿ ಗಾಳಿ ಭರ್ತಿ ಇತ್ತು.

ಅಂಗಡಿಯ ಸೂರ ಪೂಜಾರಿ ದೈವದ ಪಾತ್ರಿ. ವರ್ಷಕ್ಕೆ ಕೆಲವು ದಿನ ಅವನ ಮೈಮೇಲೆ ದೈವ ಬರುತ್ತಿತ್ತು. ಉಳಿದ ದಿನ ಲಾರಿ ಟಯರಿನ ಮಸಿ. ಡಾಕ್ಟರೋ, ಕಳೆದ ತಿಂಗಳಷ್ಟೇ ಕುಂದಾಪುರದ ಕಾಲೇಜೊಂದರಲ್ಲಿ ವೈಜ್ಞಾನಿಕ ಮನೋಭಾವದ ಬಗ್ಗೆ ಭಾಷಣ ಬಿಗಿದು ಶಾಲು ಹೊದೆಸಿಕೊಂಡವರು. ಹೆಲ್ಮೆಟ್ಟು ತಲೆಯ ಮೇಲೆಯೇ ಉಳಿದದ್ದು ಅದಕ್ಕೆ.

ಕಾರಣ, ಬೈಂದೂರಿನ ಅನಿಷಾಳ ಮಗು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದು. ಸಾಲದ್ದಕ್ಕೆ ರಕ್ತದಲ್ಲಿ ಸೋಂಕು. ಪರೀಕ್ಷೆಯಲ್ಲಿ ರೋಗಾಣು ಸಿಕ್ಕಿಬಿದ್ದು, ಅದಕ್ಕೆ ನಾಟುವ ಆಂಟಿಬಯಾಟಿಕ್ ನರದ ಮೂಲಕ ಹೋಗುತ್ತಿತ್ತು. ಕೋರ್ಸು ಅರ್ಧವಾಗುವಷ್ಟರಲ್ಲಿ ಮಗು ಚೇತರಿಸಿಕೊಂಡಿತು, ಹಾಲು ಕುಡಿಯಿತು, ನರ್ಸ್ ಸುಂದರಿಯ ಮೈಮೇಲೆ ಉಚ್ಚೆ ಹೊಯ್ದಿತು. ತಾಪತ್ರಯ ಶುರುವಾದದ್ದೇ ಅಲ್ಲಿಂದ.

"ಹುಷಾರಾಯ್ತಲೆ. ಇನ್ನ್ ಮನಿಗ್ ಹೋಪುದೇ," ಎಂದರು ಅನಿಷಾಳ ಸೋದರಮಾವ ಶೇಖರ ಶೆಟ್ಟರು. ಮುಂಬೈಯಲ್ಲಿ ಹೋಟೆಲು ನಡೆಸಿದವರು. ಏನು ಹೇಳಿದರೂ ಅಡುಗೆಮನೆಗೆ ಆರ್ಡರ್ ಕೂಗಿದ ಹಾಗೇ ಕೇಳಿಸುತ್ತಿತ್ತು. ಹೆರಿಗೆಯ ಸೂತಕ ಕಳೆಯುವ ದಿನ ಮಗು ಮನೆಯಲ್ಲಿರಬೇಕು, ಅದು ಮನೆತನದ ಮರ್ಯಾದೆ ಎಂಬುದು ಅವರ ವಾದ.

ನಡುವೆ ನಿಲ್ಲಿಸಿದರೆ ಸೋಂಕು ಮರಳಬಹುದು, ಮರಳಿದರೆ ಇದೇ ಔಷಧ ನಾಟದೆಯೂ ಹೋಗಬಹುದು, ಆಗ ಮಗುವನ್ನು ಉಳಿಸಿಕೊಳ್ಳುವುದೇ ಕಷ್ಟ ಎಂದು ಡಾಕ್ಟರು ವಿವರಿಸಿದರು. ಶೆಟ್ಟರು ಅದನ್ನೇ ಮತ್ತೆ ಮತ್ತೆ ಹೇಳಿಸಿಕೊಂಡರು. ಪ್ರತಿ ಸಲವೂ ಅಕ್ಕ ಕುಸುಮಾವತಿಯ ಮುಖ ನೋಡಿದರು.

ಡಾಕ್ಟರು ಕುಸುಮಾವತಿಯನ್ನು ಕೇಳಿದರು. ತಮ್ಮನ ಮಾತು ಮೀರುವುದುಂಟೇ ಎಂದು ಆಕೆ ಸೆರಗು ಸರಿಮಾಡಿಕೊಂಡರು. ಮಗಳು ಅನಿಷಾಳನ್ನು ಕೇಳಿದರು. ಹಿರಿಯರು ಹೇಳಿದ ಹಾಗೆ ಎಂದು ಅವಳು ಕಿಟಕಿ ನೋಡಿದಳು. ಅವಳ ಗಂಡ ಕೀರ್ತನ್ ದುಬೈಯಿಂದ ವಿಡಿಯೋ ಕಾಲ್‌ನಲ್ಲಿ ತಲೆ ಆಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯಲು ನೆಟ್‌ವರ್ಕ್ ಬಿಡಲಿಲ್ಲ.

"ನಾಳೆ ದರ್ಶನ ಇತ್ತ್," ಎಂದು ಶೆಟ್ಟರು ತೀರ್ಪು ಕೊಟ್ಟರು. "ಸೂರನ ಮೈಮೇಲ್ ದೈವ ಬಂದ್ ಎಂತ ಹೇಳತ್ತೋ, ಹಾಂಗೇ."

ಆ ಕೂಡಲೇ ಎಲ್ಲರೂ ಒಪ್ಪಿಬಿಟ್ಟರು. ಇಷ್ಟೊಂದು ಒಗ್ಗಟ್ಟಿನ ಮೂಢರನ್ನು ಡಾಕ್ಟರು ತಮ್ಮ ವೃತ್ತಿಯಲ್ಲೇ ಕಂಡಿರಲಿಲ್ಲ.

ಹಾಗಾಗಿ ಈಗ, ಟಯರುಗಳ ನಡುವೆ ನಿಂತು, ಒಂದೇ ಉಸಿರಿನಲ್ಲಿ ಕೇಳಿಕೊಂಡರು: ನಾಳೆ ದೈವ ಮಾತಾಡುವಾಗ, ಇಂಜೆಕ್ಷನ್ ಪೂರ್ತಿ ಮುಗಿಯುವವರೆಗೆ ಮಗು ಆಸ್ಪತ್ರೆಯಲ್ಲೇ ಇರಲಿ ಎಂದು ಅಪ್ಪಣೆ ಆಗಬೇಕು.

ಸೂರ ಟ್ಯೂಬನ್ನು ನೀರಿಗೆ ಅದ್ದಿ, ಗುಳ್ಳೆ ಏಳುವುದನ್ನು ಕಾಯುತ್ತ ಕೂತ.

"ದೈವದ ಬಾಯಿಗ್ ನಾವ್ ಮಾತ್ ತುರ್ಕುಕೆ ಆತ್ತಾ, ಡಾಕ್ಟ್ರೇ?"

ಡಾಕ್ಟರು ಹೆಲ್ಮೆಟ್ ತೆಗೆದರು. ರಸ್ತೆಯಲ್ಲಿ ಹೋಗುವ ಬಸ್ಸಿನವರೆಲ್ಲ ನೋಡಲಿ ಎಂಬಂತೆ ಕೈ ಮುಗಿದರು. ಆ ಮನೆಯವರಿಗೆ ಯಾರಾದರೂ ಬುದ್ಧಿ ಹೇಳಲೇಬೇಕು, ತನ್ನ ಓದಿಗೆ ಅದು ಆಗಲಿಲ್ಲ, ಶೆಟ್ಟರ ಹಟಕ್ಕೆ ಒಂದು ಜೀವ ಹೋಗಬಾರದು ಎಂದರು.

ಸೂರ ಒದ್ದೆ ಕೈ ಒರೆಸಿಕೊಂಡು ಅವರಿಗೊಂದು ಸ್ಟೂಲು ಎಳೆದುಕೊಟ್ಟ.

"ಕೂಕಣಿ. ಇದೇ ಮಾತ್ ಹೇಳ್ಸುಕೆ ಆ ಹೆಣ್ಣ್ ಆಸ್ಪತ್ರೆಂದ ಫೋನ್ ಮಾಡಿತ್. ಅದ್ರ ಗಂಡ ದುಬೈಯಿಂದ ವಾಯ್ಸ್ ಮೆಸೇಜ್ ಕಳ್ಸಿದ. ಕುಸುಮಕ್ಕ ರಿಕ್ಷಾ ಮಾಡ್ಕಂಡ್ ಬಂದ್ ಹೋದ್ರ್."

ಮತ್ತೆ ದನಿ ತಗ್ಗಿಸಿದ. "ಎಲ್ಲರಿಗಿಂತ ಮೊದ್ಲ್ ಬಂದದ್ದ್ ಶೆಟ್ರೇ. ಅಕ್ಕನಿಗ್ ಮಾತ್ರ ಗೊತ್ತಾಪುಕೆ ಆಗ ಅಂದ್ರ್."